ವೈಜನಾಥ ಬಿರಾದಾರ

ವೈಜನಾಥ ಬಿರಾದಾರ ಕನ್ನಡ ಚಲನಚಿತ್ರಗಳ ಪೋಷಕ ಹಾಗೂ ಹಾಸ್ಯನಟ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ತೇಗಂಪುರದವರು. ನಾಟಕ ಆಡುತ್ತಿದ್ದವರು ಸಿನಿಮಾಕ್ಕೆ ಬಂದರು. ಬಡಕಲು ಮೈ, ಗುಳಿಬಿದ್ದ ಕೆನ್ನೆ, ಉತ್ತರ ಕರ್ನಾಟಕದ ಮಾತು: ಇವಿಷ್ಟನ್ನೇ ಕಂಡ ನಿರ್ದೇಶಕರು ಅವರಿಗೆ ಮತ್ತೆ ಮತ್ತೆ ಕೊಟ್ಟದ್ದು ಭಿಕ್ಷುಕ ಇಲ್ಲವೇ ಕುಡುಕನ ಪಾತ್ರ. ಚಿತ್ರಗಳ ಸಂಖ್ಯೆ ಬೆಳೆಯಿತು, ಪಾತ್ರ ಬೆಳೆಯಲಿಲ್ಲ.

ಆ ಅಚ್ಚನ್ನು ಒಡೆದದ್ದು ರಾಯಚೂರು ಜಿಲ್ಲೆಯ ಕತೆಗಾರರೊಬ್ಬರ ಕತೆ. ಮಾನ್ವಿ ಸೀಮೆಯ ನುಗಡೋಣಿಯಲ್ಲಿ ಹುಟ್ಟಿದ ಅಮರೇಶ ನುಗಡೋಣಿಯವರ ‘ಸವಾರಿ’ಯನ್ನು ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ (2010) ಎಂಬ ಚಿತ್ರವಾಗಿಸಿದಾಗ ಬಿರಾದಾರರು ನಾಯಕರಾದರು. ಅವರ ಪಾತ್ರ ಈರ್ಯಾ, ಊರಿನಲ್ಲಿ ಯಾರೇ ಸತ್ತರೂ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧನೆಂಬ ಸಂತ ಬಂದನೆಂದರೆ ಊರಲ್ಲೊಂದು ಸಾವು ಖಚಿತ ಎಂದು ಅವನೂ ಹೆಂಡತಿ ರುದ್ರಿಯೂ ನಂಬಿದ್ದಾರೆ. ಒಮ್ಮೆ ಕನಸು ಬೀಳುತ್ತದೆ. ಹಾಸಿಗೆ ಹಿಡಿದಿರುವ ಊರಗೌಡರೇ ಹೋಗಿರಬೇಕೆಂದು ಅವರ ಮನೆಗೆ ಹೋದರೆ, ಗೌಡರು ಇನ್ನೂ ಇದ್ದಾರೆ ಎಂದು ಅಲ್ಲಿಯವರು ಹೇಳುತ್ತಾರೆ. ಸಾವನ್ನು ಮುಚ್ಚಿಟ್ಟಿರುವುದು ಈರ್ಯಾನಿಗೆ ತಿಳಿಯದು. ಸಿದ್ಧನೇ ತನ್ನ ಕೈಬಿಟ್ಟನೆಂದು ಅವನು ಕುಗ್ಗುತ್ತಾನೆ. ಸುಳ್ಳಾದದ್ದು ಕನಸಲ್ಲ, ದೊಡ್ಡಮನೆಯ ಮಾತು.

ಈ ಕುಗ್ಗುವಿಕೆಯನ್ನು ಬಿರಾದಾರರು ಕಣ್ಣೀರು, ಕೂಗಾಟಗಳಿಲ್ಲದೆ ತೋರಿಸಿದ್ದಾರೆ. ಅದುವರೆಗೆ ನಗಿಸಲು ಬಳಕೆಯಾಗುತ್ತಿದ್ದ ಅದೇ ಸೊರಗಿದ ಮೈ ಇಲ್ಲಿ ಗೌರವ ಬೇಡುವ ಮನುಷ್ಯನದಾಗುತ್ತದೆ. ರುದ್ರಿಯಾದವರು ಉಮಾಶ್ರೀ. ಅವರೂ ಹಾಸ್ಯಪಾತ್ರಗಳಲ್ಲೇ ಜನಪ್ರಿಯರಾದವರು. ‘ಗುಲಾಬಿ ಟಾಕೀಸು’ (2008) ಚಿತ್ರದಲ್ಲಿ ಅವರನ್ನು ಮುಖ್ಯಪಾತ್ರದಲ್ಲಿ ತಂದು ನಿಲ್ಲಿಸಿದವರೂ ಕಾಸರವಳ್ಳಿಯವರೇ. ನಗೆನಟರ ಒಳಗಿನ ಅಳಲನ್ನು ಇಷ್ಟು ಚೆನ್ನಾಗಿ ಗುರುತಿಸಿದ ನಿರ್ದೇಶಕರು ಕನ್ನಡದಲ್ಲಿ ಕಡಿಮೆ.

ಚಿತ್ರಕ್ಕೆ 57ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಮನ್ನಣೆ ದೊರೆಯಿತು. ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರಿಗೆ ಚಿತ್ರಕತೆಯ ಪ್ರಶಸ್ತಿಯೂ ಸಂದಿತು. ಸ್ಪೇನ್‌ನ ಇಮ್ಯಾಜಿನ್ ಇಂಡಿಯಾ ಚಲನಚಿತ್ರೋತ್ಸವದಲ್ಲಿ ಬಿರಾದಾರರು ಅತ್ಯುತ್ತಮ ನಟರೆನಿಸಿದರು.

ಪ್ರಶಸ್ತಿ ಬಂತೆಂದು ಗಾಂಧಿನಗರದ ಚಿತ್ರೋದ್ಯಮದ ಲೆಕ್ಕಾಚಾರವೇನೂ ಬದಲಾಗಲಿಲ್ಲ. 2023ರಲ್ಲಿ ಅವರ 500ನೆಯ ಚಿತ್ರವೆಂಬ ಪ್ರಚಾರದೊಂದಿಗೆ ತೆರೆಕಂಡ ಸಿನಿಮಾದಲ್ಲಿ ಅವರೇ ನಾಯಕ. ಅದರ ಹೆಸರು ಮಾತ್ರ ‘90 ಹೊಡಿ ಮನೀಗ್ ನಡಿ’.