ಥರ್ಮಾಮೀಟರಿಗೂ ಒಂದು ಹದ

ಥರ್ಮೋಸ್ಟಾಟ್ ಇರುವ ಪಾತ್ರೆಯಲ್ಲಿ ಜೋನಿ ಬೆಲ್ಲ ಕಾಸುವುದಾದರೆ ಎಷ್ಟು ಡಿಗ್ರಿಗೆ ಇಡಬೇಕು? ಪುಸ್ತಕದ ಉತ್ತರ ಸುಮಾರು 106 ಡಿಗ್ರಿ ಸೆಲ್ಸಿಯಸ್. ಅಚ್ಚು ಬೆಲ್ಲಕ್ಕಾದರೆ 118ರ ಆಸುಪಾಸು. ಗುಂಡಿ ತಿರುಗಿಸಿ ಕೂತರಾಯ್ತು ಅನ್ನಬೇಡಿ. ಆ 106 ಯಾವ ಊರಿನದು ಅಂತ ಮೊದಲು ಕೇಳಬೇಕು. ಈ ಪ್ರಶ್ನೆ ಬಹಳ ಹಳೆಯದು.

ಕಾವನ್ನು ಹಿಡಿತದಲ್ಲಿಡುವ ಉಪಾಯ ಡಿಗ್ರಿಗಿಂತ ಮೊದಲೇ ಬಂತು. 17ನೇ ಶತಮಾನದ ಆರಂಭದಲ್ಲಿ ಡಚ್ಚರ ಕಾರ್ನೆಲಿಸ್ ಡ್ರೆಬೆಲ್ ಮೊಟ್ಟೆ ಮರಿ ಮಾಡುವ ಒಲೆಯೊಂದನ್ನು ಮಾಡಿದ್ದ. ಕಾವು ಏರಿದರೆ ಪಾದರಸ ಹಿಗ್ಗಿ ಗಾಳಿಯ ದಾರಿ ಮುಚ್ಚುತ್ತಿತ್ತು, ಬೆಂಕಿ ತಗ್ಗುತ್ತಿತ್ತು. ಆದರೆ ಆ ಕಾವು ಎಷ್ಟು ಅಂತ ಹೇಳೋಕೆ ಆಗ ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ.

1724ರಲ್ಲಿ ಫ್ಯಾರನ್‌ಹೀಟ್ ತನ್ನ ಅಳತೆಯನ್ನು ಪ್ರಕಟಿಸಿದ. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಕರಗುವ ಹಿಮ, ಕುದಿಯುವ ನೀರು ಇವೆರಡನ್ನೇ ಗುರುತು ಮಾಡಿಕೊಂಡ. ತಮಾಷೆ ಅಂದ್ರೆ ಅವನ ಲೆಕ್ಕದಲ್ಲಿ ಕುದಿಯುವ ನೀರು 0, ಹಿಮ 100! ಅದು ತಿರುವುಮುರುವಾದದ್ದು ಆಮೇಲೆ. ಗಾಳಿಯ ಒತ್ತಡ ಬದಲಾದರೆ ನೀರು ಕುದಿಯುವ ಮಟ್ಟವೂ ಬದಲಾಗುತ್ತದೆ ಅನ್ನೋದು ಅವನಿಗೂ ಗೊತ್ತಿತ್ತು. 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ, ಕ್ಯಾವೆಂಡಿಶ್ ಇದ್ದ ಸಮಿತಿಯ ಮೂಲಕ, ಥರ್ಮಾಮೀಟರನ್ನು ನೀರಲ್ಲಿ ಮುಳುಗಿಸದೆ ಹಬೆಯಲ್ಲಿ ಹಿಡಿಯಬೇಕು, ಒತ್ತಡವನ್ನೂ ನೋಡಬೇಕು ಅಂತ ನಿಯಮ ಮಾಡಿತು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಕಾರವಾರ, ಅಂಕೋಲೆ ಕಡಲಿನ ಮಗ್ಗುಲಲ್ಲೇ ಇರುವ ಊರುಗಳು. ಇಲ್ಲಿ ನೀರು ಹೆಚ್ಚುಕಡಿಮೆ 100ಕ್ಕೇ ಕುದಿಯುತ್ತದೆ. ಅಂಕೋಲೆಯಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರಕ್ಕೆ ಹೋಗಿ, ಎತ್ತರ 500 ಮೀಟರ್ ದಾಟುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಇಳಿದು ಅಲ್ಲಿ ನೀರು 98ರ ಹತ್ತಿರ ಕುದಿಯುತ್ತದೆ. ಬೆಂಗಳೂರಲ್ಲಿ 97.

ಬೆಲ್ಲಕ್ಕೆ ಇದರಿಂದ ಏನು? ಕಬ್ಬಿನ ಹಾಲಿನ ನೀರು ಆರಿದಷ್ಟೂ ಅದು ಕುದಿಯುವ ಮಟ್ಟ ಏರುತ್ತದೆ. ಜೋನಿಯ ಹದ ಅಂದರೆ ಆ ಊರಲ್ಲಿ ನೀರು ಕುದಿಯುವುದಕ್ಕಿಂತ ಐದಾರು ಡಿಗ್ರಿ ಮೇಲೆ, ಅಷ್ಟೇ. ಅಂಕೋಲೆಯ 106ನ್ನು ಯಲ್ಲಾಪುರದಲ್ಲೂ ಇಟ್ಟರೆ ನೀರಿಗಿಂತ ಎಂಟು ಡಿಗ್ರಿ ಮೇಲಾಯಿತು, ಜೋನಿ ಗಟ್ಟಿಯಾಗಿ ತಳದಲ್ಲಿ ಹರಳು ಕಟ್ಟುತ್ತದೆ. ಕರಾವಳಿಯಲ್ಲೇ ಮೀಟರು ಎರಡು ಡಿಗ್ರಿ ಹೆಚ್ಚು ತೋರಿಸಿದರೆ ಪಾಕ ಎಳೆಯದಾಗಿಯೇ ಇಳಿಯುತ್ತದೆ, ಮಳೆಗಾಲದ ಹೊತ್ತಿಗೆ ಹುಳಿ ಬರುತ್ತದೆ. ವರ್ಷದ ತೊಡದೇವು, ದೋಸೆಗೆ ಇಟ್ಟ ಬೆಲ್ಲ ಹೋಯ್ತು!

ಪರಿಹಾರ ಸುಲಭ. ಅದೇ ದಿನ, ಅದೇ ಪಾತ್ರೆಯಲ್ಲಿ, ಮೊದಲು ಬರೀ ನೀರು ಕುದಿಸಿ. ಮೀಟರು ಎಷ್ಟು ತೋರಿಸುತ್ತದೋ ಅದಕ್ಕೆ ಆರು ಕೂಡಿಸಿ. ಮೀಟರಿನ ತಪ್ಪು, ಊರಿನ ಎತ್ತರ ಎರಡೂ ಒಟ್ಟಿಗೇ ಕಳೆದುಹೋಗುತ್ತವೆ.

ವಿಜ್ಞಾನಿಗಳು ಮಾತ್ರ ಕುದಿಯುವ ನೀರನ್ನು ಬಿಟ್ಟು ಮುಂದೆ ಹೋಗಿದ್ದಾರೆ. 1990ರ ಅಂತಾರಾಷ್ಟ್ರೀಯ ಮಾನಕದಲ್ಲಿ ಅದು ಆಧಾರದ ಗುರುತಲ್ಲ. 2019ರಿಂದ ಕೆಲ್ವಿನ್ ನಿಂತಿರುವುದು ಬೋಲ್ಟ್ಸ್‌ಮನ್ ಸ್ಥಿರಾಂಕದ ಮೇಲೆ. ಆದರೆ ಆಲೆಮನೆಯ ಕೊಪ್ಪರಿಗೆಗೆ ಆ ಹಳೆಯ ಗುರುತೇ ಸಾಕು.

ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡುವ ನಮ್ಮ ಹಿರಿಯರು ಡಿಗ್ರಿ ಅಳೆಯುತ್ತಿರಲಿಲ್ಲ, ನೇರವಾಗಿ ಪಾಕದ ಗಟ್ಟಿತನವನ್ನೇ ನೋಡುತ್ತಿದ್ದರು. ಹಾಗಾಗಿ ಆ ಬೆರಳಿಗೆ ಘಾಟಿಯ ಮೇಲೂ ಕೆಳಗೂ ಒಂದೇ ಲೆಕ್ಕ. ನಿಮ್ಮೂರ ಆಲೆಮನೆಯಲ್ಲಿ ಹದ ನೋಡುವ ಬೇರೆ ಕ್ರಮ ಇದ್ದರೆ ದಯವಿಟ್ಟು ತಿಳಿಸಿ.