ಮದ್ದಳೆಯ ಮಂಟಪ, ಡಿ.ಜೆ.ಯ ಓಣಿ

ಕಳೆದ ವರ್ಷ ದಸರೆಯ ರಜೆಗೆ ಮುಂಚೆ ನಮ್ಮ ಬಿ.ಎ. ತರಗತಿಯ ಮಕ್ಕಳನ್ನು ಕರೆದುಕೊಂಡು ಬಳ್ಳಿಗಾವೆಗೆ ಹೋಗಿದ್ದೆ. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಬಸ್ಸು. ಅಲ್ಲಿಂದ ಮುಂದೆ ನಡಿಗೆ. ಕೇದಾರೇಶ್ವರನ ಗುಡಿಯ ಮಂಟಪದಲ್ಲಿ ಎಲ್ಲರೂ ಕುಳಿತ ಮೇಲೆ, ಎಂದಿನಂತೆ ಚಾಲುಕ್ಯರ ಕಾಲದ ಸಂಗೀತ, ನೃತ್ಯ, ದೇವರ ರಂಗಭೋಗ ಎಂದು ನನ್ನ ಪಾಠ ಆರಂಭವಾಯಿತು. ಹಿಂದೆ ಕುಳಿತಿದ್ದ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ಇಲ್ಲಿ ಡ್ಯಾನ್ಸ್ ಇದ್ದಾಗ ಎಷ್ಟು ಜನ ಹಿಡಿಸ್ತಿದ್ರು?"

ಉಳಿದವರು ನಕ್ಕರು. ಆ ಹುಡುಗ ಗಣಪತಿ ಹಬ್ಬದ ದಿನಗಳಲ್ಲಿ ಡಿ.ಜೆ. ಸೆಟ್ಟಿನವರ ಜೊತೆ ಊರೂರು ತಿರುಗಿ, ಪೆಟ್ಟಿಗೆ ಹೊತ್ತು, ವೈರು ಜೋಡಿಸಿ ಕಾಲೇಜಿನ ಫೀಜು ಸಂಪಾದಿಸುವವನು. ಜಾಗ ಎಷ್ಟು, ಜನ ಎಷ್ಟು ಎಂಬುದು ಅವನ ಕಸುಬಿನ ಲೆಕ್ಕ. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷಗಳಿಂದ ಆ ಗುಡಿಗೆ ಹೋಗಿ ಬರುತ್ತಿದ್ದರೂ ನನಗೆ ಒಮ್ಮೆಯೂ ಹೊಳೆಯದಿದ್ದ ಪ್ರಶ್ನೆ ಅದು. ಕುಣಿದವರು ಯಾರು, ಬಾರಿಸಿದವರು ಯಾರು, ದತ್ತಿ ಬಿಟ್ಟ ಅರಸ ಯಾರು ಎಂದು ನಾವು ಚರಿತ್ರೆ ಬರೆಯುತ್ತೇವೆ. ನೋಡುವುದಕ್ಕೆ ಬಂದವರು ಎಲ್ಲಿ ನಿಂತರು ಎಂದು ಕೇಳುವುದಿಲ್ಲ.

ಬಳ್ಳಿಗಾವೆ ಅಂದಿನ ಕಾಲಕ್ಕೆ ಸಣ್ಣ ಊರಲ್ಲ. ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ಗುಡಿಗಳು, ಮಠಗಳು, ಬಸದಿಗಳು, ಬ್ರಹ್ಮಪುರಿಗಳು ಒತ್ತೊತ್ತಾಗಿದ್ದ ನಗರ. ಕೆರೆಯ ಕೋಡಿಯ ಬಳಿಯಿದ್ದ ಕಾಳಾಮುಖರ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವೊಂದುಂಟು. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠ ನಡೆಯುವ ಸ್ಥಾನ ಅದು ಎಂದು ಹೇಳಿದ ಮೇಲೆ, ಅಲ್ಲಿ ಯಾರಿಗೆಲ್ಲ ಅನ್ನ ಸಿಕ್ಕುತ್ತಿತ್ತು ಎಂಬ ಪಟ್ಟಿಯನ್ನು ಶಾಸನ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಅವರ ಬೆನ್ನಿಗೇ ಹಾಡುವವರು, ಬಾರಿಸುವವರು, ಕೊಳಲೂದುವವರು, ಕುಣಿಯುವವರು. ಕಲಾವಿದರು ಊರಿಂದೂರಿಗೆ ಅಲೆಯುತ್ತಿದ್ದರು. ಹಸಿದಾಗ ಬಡವರ ಸಾಲಿನಲ್ಲಿಯೇ ಕೂತು ಉಂಡರು ಎಂಬುದು ಇದರಿಂದ ತಿಳಿಯುತ್ತದೆ.

ಈ ಊರಿನ ಅತ್ಯಂತ ಪ್ರಸಿದ್ಧ ವಾದ್ಯಗಾರನೆಂದರೆ ಅಲ್ಲಮಪ್ರಭು. ಹರಿಹರನ ರಗಳೆಯಲ್ಲಿ ಆತ ಮದ್ದಳೆಯಲ್ಲಿ ನಿಪುಣ. ಕಮಲತೆಯನ್ನು ಮೆಚ್ಚಿ ಮದುವೆಯಾಗಿ, ಅವಳನ್ನು ಜ್ವರಕ್ಕೆ ಒಪ್ಪಿಸಿ, ದುಃಖದಿಂದ ಅಲೆದವನು. ಚಾಮರಸನಲ್ಲಿ ಕಥೆಯ ಸ್ವರೂಪ ಬೇರೆ. ಅಲ್ಲಿ ಆತ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುವವನು, ಮಾಯೆ ಆ ಲಯಕ್ಕೆ ಮರುಳಾಗುವ ರಾಜಕುವರಿ. ಎರಡು ಕಥೆಗಳಲ್ಲಿಯೂ ಗುಡಿಯ ಮದ್ದಳೆ ಉಂಟು. ಮದ್ದಳೆ ಒಳಗಿನ ವಾದ್ಯ. ಬೆರಳಿನ ಸೂಕ್ಷ್ಮ ಕೇಳಬೇಕಾದರೆ ಕೇಳುವವರು ಹತ್ತಿರ ಕೂರಬೇಕು; ಹತ್ತಿರ ಕೂರುವವರು ಹೆಚ್ಚು ಮಂದಿಯಾಗಲಾರರು. ಆ ಕಾಲದ ಶಿಲ್ಪಿಗೆ ಇದು ಗೊತ್ತಿತ್ತು. ನಾಲ್ಕು ನಡುಗಂಬಗಳ ಮಧ್ಯೆ ಕುಣಿಯುವವರಿಗೆ ಜಾಗ, ಸುತ್ತ ಅಂಚಿನಲ್ಲಿ ಒರಗಿ ಕೂರುವುದಕ್ಕೆ ಕಕ್ಷಾಸನ. ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕೈಟಭೇಶ್ವರನ ಗುಡಿಯ ತೆರೆದ ಮಂಟಪವನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಎದ್ದು ಹೋಗುವವನು ಮತ್ತೊಬ್ಬನನ್ನು ತಳ್ಳಬೇಕಾಗಿಲ್ಲ. ಗೋಡೆಯಿಲ್ಲದ ಬದಿಗಳಿಂದ ಇಳಿದು ಅಂಗಳಕ್ಕೆ ಬರಬಹುದು.

ಹಾಗೆಂದು ಆ ಮಂಟಪವನ್ನು ಹೊಗಳಿ ಕೈಮುಗಿದು ಬರುವಂತಿಲ್ಲ. ಅಲ್ಲಿ ಇಕ್ಕಟ್ಟಾಗದೆ ಇದ್ದುದಕ್ಕೆ ಶಿಲ್ಪಿಯ ಜಾಣತನವೊಂದೇ ಕಾರಣವಲ್ಲ. ಊರಿನ ಅರ್ಧ ಜನಕ್ಕೆ ಆ ಮೆಟ್ಟಿಲು ಹತ್ತುವ ಹಕ್ಕೇ ಇರಲಿಲ್ಲ. ಹೊರಗೆ ನಿಂತವರು ತಮ್ಮ ವಾದ್ಯವನ್ನು ಹೊರಗೇ ಕಟ್ಟಿಕೊಂಡರು. ಡೊಳ್ಳು, ಹಲಗೆ, ಡೋಲು: ಇವೆಲ್ಲ ಬಯಲಿನ ವಾದ್ಯಗಳು.

ನಮ್ಮ ಕಡೆಯ ಡೊಳ್ಳು ಕುಣಿತವನ್ನು ನೋಡದವರು ಯಾರು? ಬೀರೇಶ್ವರನ ಒಕ್ಕಲು ಅದನ್ನು ಕಾಪಾಡಿಕೊಂಡು ಬಂದಿದೆ. ಭಾರವಾದ ಡೊಳ್ಳನ್ನು ಹೊಟ್ಟೆಗೆ ಕಟ್ಟಿ ಹತ್ತು ಹದಿನೈದು ಮಂದಿ ವೃತ್ತವಾಗಿ ಸರಿದು, ಬಾಗಿ, ಜಿಗಿದು ಬಾರಿಸುವಾಗ, ನೋಡುವವರಿಗೆ ಹಗ್ಗ ಬೇಕಾಗಿಲ್ಲ, ಪೋಲೀಸರು ಬೇಕಾಗಿಲ್ಲ. ವೃತ್ತ ಹಿಗ್ಗಿದರೆ ಜನ ಹಿಂದೆ ಸರಿಯುತ್ತಾರೆ. ಕುಗ್ಗಿದರೆ ಮುಂದೆ ಬರುತ್ತಾರೆ. ಬಾರಿಸುವವನ ಕಣ್ಣು ಜನದ ಮೇಲೆ, ಜನದ ಕಣ್ಣು ಅವನ ಕೋಲಿನ ಮೇಲೆ. ಮಗುವೊಂದು ಒಳಗೆ ನುಗ್ಗಿದರೆ ಡೊಳ್ಳು ನಿಲ್ಲುತ್ತದೆ. ಮೇಲಾಗಿ, ಬಾರಿಸುವವನ ತೋಳಿಗೆ ದಣಿವುಂಟು. ಅವನು ದಣಿದಾಗ ಜನಕ್ಕೂ ಉಸಿರಾಡುವ ಬಿಡುವು.

ಮುಂದೆ ಡೇರೆಯ ಕಾಲ ಬಂತು. ಜಾತ್ರೆಗಳಿಗೆ ನಾಟಕದ ಕಂಪೆನಿಗಳು ಬಂದವು, ಯಕ್ಷಗಾನದ ಡೇರೆ ಮೇಳಗಳು ಬಂದವು. ಟಿಕೀಟು, ನೆಲ, ಕುರ್ಚಿ ಎಂಬ ದರ್ಜೆಗಳು ಹುಟ್ಟಿದವು. ದುಡ್ಡು ಹೊಸ ಗೋಡೆಯಾಯಿತು ನಿಜ. ಆದರೂ ಟಿಕೀಟಿನ ಲೆಕ್ಕದಿಂದಾಗಿ ಡೇರೆಯೊಳಗೆ ಎಷ್ಟು ತಲೆಯಿದೆ ಎಂಬುದು ಕಂಪೆನಿಯ ಯಜಮಾನನಿಗೆ ಗೊತ್ತಿರುತ್ತಿತ್ತು. ಇಂದಿನ ಓಣಿಯ ಕುಣಿತದಲ್ಲಿ ಈ ಲೆಕ್ಕ ಇಟ್ಟವರೇ ಇಲ್ಲ.

ಶಿಕಾರಿಪುರ, ಸೊರಬ ಸೀಮೆಯಲ್ಲಿ ಜನ ಮತ್ತು ಜಾಗದ ಸಂಬಂಧವನ್ನು ಕಲಿಯಬೇಕಾದರೆ ಹೋರಿ ಹಬ್ಬಕ್ಕಿಂತ ಬೇರೆ ಶಾಲೆ ಬೇಡ. ದೀಪಾವಳಿ ಕಳೆದದ್ದೇ ತಡ, ಕೊಬ್ಬರಿ ಸರ, ಬಲೂನು, ಬಣ್ಣದ ರಿಬ್ಬನ್ನು ಕಟ್ಟಿದ ಹೋರಿಗಳು ಊರ ಬೀದಿಯಲ್ಲಿ ಓಡುತ್ತವೆ. ಎರಡು ಬದಿಯಲ್ಲಿಯೂ ಜನದ ಗೋಡೆ. ಹೋರಿ ಬಂದಾಗ ಗೋಡೆ ಬಿರಿಯುತ್ತದೆ, ಹೋದಾಗ ಕೂಡುತ್ತದೆ. ಹಿಂದಿನವರು ಜಗಲಿ ಏರಿ ನಿಂತರು, ಮಾಳಿಗೆ ಹತ್ತಿದರು. ಎಲ್ಲಿ ಹಿಂದಕ್ಕೆ ಸರಿಯಲು ಜಾಗವಿಲ್ಲವೋ ಅಲ್ಲಿಯೇ ಅನಾಹುತ. 2022ರ ಹಬ್ಬದಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವುಗಳಾದುವು. ಕೆಲವು ಊರಿನವರು ಈಗ ಅಖಾಡವನ್ನು ಬೀದಿಯಿಂದ ಹೊಲಕ್ಕೆ ಸಾಗಿಸಿ ಬೇಲಿ ಕಟ್ಟುತ್ತಿದ್ದಾರೆ. ಹೋರಿಯ ಸ್ವಭಾವ ಬದಲಾಗಿಲ್ಲ, ಜಾಗ ಬದಲಾಗಿದೆ.

ಇನ್ನು ಡಿ.ಜೆ.ಯ ವಿಷಯ. ಗಣಪತಿ ಬಿಡುವ ದಿನ ಲಾರಿಯ ಮೇಲೆ ಆಳೆತ್ತರದ ಪೆಟ್ಟಿಗೆಗಳು. ಯಂತ್ರದಿಂದ ಹೊರಡುವ, ಒಂದೇ ಸಮನೆ ಬಡಿಯುವ ತಾಳ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯ ಮನೆಯಿರುವ ಓಣಿಗೆ ಇಂಥದೊಂದು ಲಾರಿ ಬಂತು. ಓಣಿ ಎರಡು ಎತ್ತಿನಗಾಡಿ ಎದುರುಬದುರಾದರೆ ಸಾಕು ಎಂದು ಪೂರ್ವಿಕರು ಬಿಟ್ಟದ್ದು. ಲಾರಿಗೂ ಗೋಡೆಗೂ ನಡುವೆ ಉಳಿದದ್ದು ಮೊಳದಷ್ಟು ಜಾಗ. ಮುಂದೆ ಕುಣಿಯುವವರು ನಿಂತಿದ್ದರು, ಹಿಂದಿನವರು ಬರುತ್ತಲೇ ಇದ್ದರು. ಎಂಟು ವರ್ಷದ ಹುಡುಗಿಯೊಬ್ಬಳು ಗೋಡೆಗೆ ಒತ್ತಿಕೊಂಡು ಅಳುತ್ತಿದ್ದುದು ಜಗಲಿಯ ಮೇಲಿದ್ದ ನನಗೆ ಕಾಣಿಸಿತು; ಕೇಳಿಸಲಿಲ್ಲ. ಅವಳ ಪಕ್ಕದಲ್ಲಿಯೇ ಇದ್ದವನಿಗೂ ಕೇಳಿಸಲಿಲ್ಲ. ನಾನೂ ಪಕ್ಕದ ಮನೆಯವರೂ ಕೂಡಿ ಅವಳನ್ನು ಜಗಲಿಗೆ ಎಳೆದುಕೊಂಡೆವು. ಕುಣಿಯುತ್ತಿದ್ದ ಹುಡುಗರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು, ಸಾಧುಗಳು. ಮರುದಿನ ಸಂಗತಿ ಹೇಳಿದಾಗ ಅವರ ಮುಖ ಬಿಳಿಚಿಕೊಂಡಿತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಈ ಯಂತ್ರತಾಳದ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅಮೆರಿಕದ ಚಿಕಾಗೋ ನಗರದಲ್ಲಿ 1977ರಲ್ಲಿ ವೇರ್‌ಹೌಸ್ ಎಂಬ ಕ್ಲಬ್ಬು ತೆರೆಯಿತು. ಬೇರೆ ಕಡೆ ಮರ್ಯಾದೆ ಸಿಕ್ಕದ ಕರಿಯ ಜನರ ಮಕ್ಕಳು ಬಹುವಾಗಿ ಅಲ್ಲಿ ಸೇರಿ ಕುಣಿದರು. ಆ ಕ್ಲಬ್ಬಿನ ಹೆಸರಿನ ತುಂಡೇ ಹೌಸ್ ಎಂದು ಒಂದು ಸಂಗೀತಪದ್ಧತಿಯ ಹೆಸರಾಯಿತು. ಎಂದರೆ ಇದೂ ಮೊದಲಿಗೆ ನಾಲ್ಕು ಗೋಡೆಯೊಳಗಿನ ವಾದ್ಯ. ಮಂಟಪಕ್ಕೆ ಸೇರಿಸದೆ ಹೋದವರು ತಾವೇ ಕಟ್ಟಿಕೊಂಡ ಮಂಟಪ. ಆಮೇಲೆ ಅದು ಬೀದಿಗೆ ಬಂತು. 1989ರಲ್ಲಿ ಬರ್ಲಿನ್ನಿನಲ್ಲಿ ಸುಮಾರು 150 ಮಂದಿ ಇಂಥ ಸಂಗೀತದ ಹಿಂದೆ ಕುಣಿಯುತ್ತ ಹೊರಟರು. ಲವ್ ಪರೇಡ್ ಎಂಬ ಈ ಮೆರವಣಿಗೆ ಹತ್ತು ವರ್ಷದಲ್ಲಿ ಲಕ್ಷಗಟ್ಟಲೆ ಜನದ ಜಾತ್ರೆಯಾಯಿತು. ಅದು ನಡೆಯುತ್ತಿದ್ದುದು ಉದ್ಯಾನವೊಂದರ ನಡುವೆ ಹಾಯುವ ವಿಶಾಲವಾದ ರಾಜಬೀದಿಯಲ್ಲಿ. ದಣಿದವರು ಮರಗಳ ನೆರಳಿಗೆ ಸರಿಯಬಹುದಿತ್ತು.

ಮುಂದೆ ಪರೇಡು ಬೇರೆ ಊರುಗಳಿಗೆ ಹೋಯಿತು. 2009ರಲ್ಲಿ ಬೋಕುಮ್ ನಗರದವರು, ಇಷ್ಟು ಜನ ನಮ್ಮಲ್ಲಿ ಹಿಡಿಸುವುದಿಲ್ಲ ಎಂದು ರದ್ದುಮಾಡಿದರು. 2010ರಲ್ಲಿ ಡ್ಯೂಸ್‌ಬರ್ಗ್ ನಗರ ಒಪ್ಪಿಕೊಂಡಿತು. ಸ್ಥಳ, ಬೇಲಿ ಹಾಕಿದ ಹಳೆಯ ಗೂಡ್ಸ್ ರೈಲು ನಿಲ್ದಾಣ. ಹೋಗುವವರಿಗೂ ಬರುವವರಿಗೂ ಸುರಂಗದಾರಿಯ ನಡುವಿನಿಂದ ಏರುವ ಒಂದೇ ಮುಖ್ಯ ಇಳಿಜಾರು. ಜುಲೈ 24ರಂದು ಅಲ್ಲಿ 21 ಮಂದಿ ಸತ್ತರು. 600ಕ್ಕೂ ಹೆಚ್ಚು ಮಂದಿಗೆ ಪೆಟ್ಟಾಯಿತು. ಅದೇ ಸಂಗೀತ, ಅದೇ ಬಗೆಯ ಜನ, ಬೇರೆಯಾದದ್ದು ಸ್ಥಳ. ವರ್ಷಗಟ್ಟಲೆ ನಡೆದ ಮೊಕದ್ದಮೆ 2020ರಲ್ಲಿ ತೀರ್ಪಿಲ್ಲದೆ ಮುಗಿಯಿತು. ದೂರದ ಮಾತೇಕೆ? 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ, ಕ್ರಿಕೆಟ್ಟಿನ ಗೆಲುವಿಗೆ ಸಂತೋಷಪಡಲು ಬಂದವರಲ್ಲಿ 11 ಮಂದಿ ಸತ್ತರು.

ಇಂಥ ಸಂದರ್ಭದಲ್ಲಿ ನಮ್ಮ ಪತ್ರಿಕೆಗಳು ಬಳಸುವ ಮಾತು "ಕಾಲ್ತುಳಿತ". ಕನ್ನಡ ಮೇಷ್ಟರಾದ ನನಗೆ ಈ ಪದದ ಮೇಲೆ ಒಂದು ತಕರಾರುಂಟು. ಇಂಥ ಕಡೆ ಸತ್ತವರಲ್ಲಿ ಬಹುಮಂದಿ ತುಳಿತದಿಂದ ಸಾಯುವುದಿಲ್ಲ. ನಿಂತಲ್ಲೇ ಎದೆ ಒತ್ತಿಹೋಗಿ ಉಸಿರುಗಟ್ಟಿ ಸಾಯುತ್ತಾರೆ. ಒಂದು ಚದರ ಮೀಟರಿನಲ್ಲಿ ಐದಾರು ಮಂದಿ ಮೀರಿದರೆ ಮನುಷ್ಯ ತನ್ನಿಚ್ಛೆಯಂತೆ ನಡೆಯುವವನಲ್ಲ, ಹೊಳೆಯ ನೀರಿನ ಹಾಗೆ ಸಾಗಿಸಲ್ಪಡುವವನು. ಹಿಂದಿನವನಿಗೆ ಮುಂದಿನದು ಕಾಣದು. ಮುಂದಿನವನ ಕೂಗು ಹಿಂದೆ ಕೇಳದು. "ಕಾಲ್ತುಳಿತ", "ನೂಕುನುಗ್ಗಲು" ಎಂದಾಗ ತಪ್ಪೆಲ್ಲ ಜನದ ಕಾಲಿಗೆ, ಕೈಗೆ ಹೋಗುತ್ತದೆ. ಆ ಜಾಗವನ್ನು ಆರಿಸಿದವನ ತಪ್ಪನ್ನು ಹೇಳುವ ಪದ ನಮ್ಮ ಬಳಕೆಯಲ್ಲಿ ಇಲ್ಲ.

ಆದಕಾರಣ, ಈಗಿನ ಹುಡುಗರು ಕೆಟ್ಟರು, ಡಿ.ಜೆ.ಯನ್ನು ನಿಲ್ಲಿಸಿಬಿಡಿ ಎಂಬ ಹಿರಿಯರ ಮಾತಿಗೆ ನಾನು ಪೂರ್ತಿ ತಲೆದೂಗಲಾರೆ. ಈಚಿನ ವರ್ಷಗಳಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹಬ್ಬದ ದಿನಗಳಿಗೆ ನಿಷೇಧದ ಆಜ್ಞೆ ಹೊರಟಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಬೀದಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ಲಿನ ಮಿತಿಯುಂಟು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ತಡೆಯುಂಟು. ನಿಯಮ ನಡೆಯಲಿ, ಕಾಯಿಲೆಯವರೂ ಮುದುಕರೂ ನಿದ್ದೆಮಾಡಬೇಕು. ಆದರೆ ಕುಣಿಯಬೇಕೆಂಬ ಆಸೆ ಬಳ್ಳಿಗಾವೆಯಷ್ಟೇ ಹಳೆಯದು, ಆಜ್ಞೆಯಿಂದ ಅಳಿಯುವುದಲ್ಲ. ಮಂಟಪದಿಂದ ಹೊರಗಿಟ್ಟವರು ಡೊಳ್ಳು ಕಟ್ಟಿದಂತೆ, ಒಂದು ಕಡೆ ತಡೆದರೆ ಮತ್ತೊಂದು ಕಡೆ ಹುಟ್ಟುತ್ತದೆ. ಗಣಪತಿಯ ಸಮಿತಿಯವರು ಚಂದಾ ಎತ್ತುವ ಮೊದಲು ಮಾಡಬೇಕಾದ ಕೆಲಸವೆಂದರೆ ಓಣಿಯ ಅಗಲವನ್ನು ಅಳೆಯುವುದು. ಓಣಿಯಲ್ಲಿ ಡೊಳ್ಳು ಬರಲಿ, ಡಿ.ಜೆ. ಬಯಲಿನಲ್ಲಿ ನಿಲ್ಲಲಿ. ಲಾರಿಯ ಮೇಲೆ ಯಂತ್ರದ ಬಳಿ ನಿಂತವನು ಜನವನ್ನು ನೋಡುತ್ತಿರಲಿ. ಮಗು ಅತ್ತರೆ ತಾಳ ನಿಲ್ಲಿಸುವ ಅಧಿಕಾರ ಅವನಿಗೆ ಇರಲಿ.

ಆ ದಿನ ಬಳ್ಳಿಗಾವೆಯಲ್ಲಿ ಹುಡುಗನ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. "ನೀನೇ ಎಣಿಸಿ ಹೇಳಪ್ಪಾ" ಎಂದೆ. ಅವನು ಎದ್ದು, ಕಂಬದಿಂದ ಕಂಬಕ್ಕೆ ಹೆಜ್ಜೆಯಿಟ್ಟು ಅಳೆದ. ಗೆಳೆಯರನ್ನು ಕಕ್ಷಾಸನದ ಉದ್ದಕ್ಕೂ ಕೂರಿಸಿದ, ನಡುವೆ ಇಬ್ಬರನ್ನು ಕುಣಿಯುವವರೆಂದು ನಿಲ್ಲಿಸಿದ, ಮೆಟ್ಟಿಲ ಕಡೆ ಯಾರೂ ಕೂರದಂತೆ ದಾರಿ ಬಿಡಿಸಿದ. ಕೊನೆಗೆ ತಿರುಗಿ ಬಂದು ಹೇಳಿದ: "ಸಾರ್, ಇನ್ನೂ ತುಂಬಬಹುದು. ಆದ್ರೆ ತುಂಬಬಾರದು."

ಆ ವರ್ಷದ ಪಾಠವನ್ನು ನಾನು ಅಲ್ಲಿಗೇ ಮುಗಿಸಿದೆ.