ಅರಸನ ಅಂಕಿತ

ಹಿಂದಿನ ಕಾಲದಲ್ಲಿ ರಾಜನೆಂದರೆ ರಾಜ್ಯವನ್ನು ಆಳತಕ್ಕವನು. ಈಗಿನ ಕಾಲದಲ್ಲಿ ಬಹುಮಟ್ಟಿಗೆ ಆಳದೆ ಇರತಕ್ಕವನು. ಲೋಕದಲ್ಲಿ ಇಂದಿಗೂ 40ಕ್ಕೂ ಹೆಚ್ಚು ರಾಷ್ಟ್ರಗಳಲ್ಲಿ ರಾಜಪದವಿಯುಂಟು. ಸೌದಿ ಅರೇಬಿಯದಂತಹ ಕೆಲವು ನಾಡುಗಳನ್ನು ಬಿಟ್ಟರೆ ಉಳಿದ ಹೆಚ್ಚಿನ ಕಡೆಗಳಲ್ಲಿ ರಾಜ್ಯಭಾರ ಮಂತ್ರಿಗಳದು, ಮರ್ಯಾದೆ ಅರಸನದು. ಇಂಥ ಅರಸನಿಂದ ಪ್ರಜೆಗಳಿಗೆ ಪ್ರಯೋಜನವೇನು? ಈ ಪ್ರಶ್ನೆಯನ್ನು ತರ್ಕದಿಂದ ಬಿಡಿಸುವುದಕ್ಕಿಂತ ಚರಿತ್ರೆಯಿಂದ ಬಿಡಿಸುವುದು ಲೇಸೆಂದು ನಮಗೆ ತೋರುತ್ತದೆ.

ಇಂಗ್ಲೆಂಡಿನ ವಾಲ್ಟರ್ ಬ್ಯಾಜೆಟ್ ಎಂಬ ಲೇಖಕನು 1867ರಲ್ಲಿ, ನಿಯಮಬದ್ಧನಾದ ಅರಸನಿಗೆ ಮೂರು ಹಕ್ಕುಗಳುಂಟೆಂದು ಹೇಳಿದನು. ಮಂತ್ರಿಗಳು ತನ್ನೊಡನೆ ಸಮಾಲೋಚಿಸಬೇಕೆಂಬುದು ಒಂದು; ಅವರನ್ನು ಪ್ರೋತ್ಸಾಹಿಸುವುದು ಎರಡನೆಯದು; ಎಚ್ಚರಿಸುವುದು ಮೂರನೆಯದು. ಶಾಂತಿಯ ದಿನಗಳಿಗೆ ಇಷ್ಟು ಸಾಕು. ಆದರೆ ರಾಜ್ಯಾಂಗದ ಮೇಲೆಯೇ ಆಯುಧವೆತ್ತಿದ ದಿನ ಅರಸನು ಮಾಡತಕ್ಕದ್ದೇನು? ಕಳೆದ ಶತಮಾನದಲ್ಲಿ ದಕ್ಷಿಣ ಯೂರೋಪಿನ ಮೂವರು ಅರಸರು ಈ ಪರೀಕ್ಷೆಗೆ ಗುರಿಯಾದರು.

ಮೊದಲನೆಯವನು ಇಟಲಿಯ ಮೂರನೆಯ ವಿಕ್ಟರ್ ಇಮ್ಯಾನುಯೆಲ್. 1922ರ ಅಕ್ಟೋಬರಿನಲ್ಲಿ ಮುಸೊಲಿನಿಯ ಫಾಸಿಸ್ಟ್ ದಳಗಳು ರೋಮ್ ನಗರದ ಕಡೆಗೆ ಹೊರಟಾಗ, ಪ್ರಧಾನಮಂತ್ರಿ ಲೂಯಿಜಿ ಫಾಕ್ತಾ ಸೈನಿಕಾಡಳಿತವನ್ನು ಸಾರತಕ್ಕ ಆಜ್ಞಾಪತ್ರವನ್ನು ಸಿದ್ಧಪಡಿಸಿದನು. ಅದಕ್ಕೆ ಬೇಕಾಗಿದ್ದುದು ಅರಸನ ಅಂಕಿತವೊಂದೇ. 28ನೆಯ ತಾರೀಖಿನ ಬೆಳಗ್ಗೆ ಅರಸನು ಅಂಕಿತ ಹಾಕಲೊಲ್ಲೆನೆಂದನು. ಮಾರನೆಯ ದಿನ ಮುಸೊಲಿನಿಗೆ ಸರ್ಕಾರ ರಚಿಸುವಂತೆ ಕರೆ ಹೋಯಿತು. ಅಂದು ಒಂದು ಪತ್ರಕ್ಕೆ ಅಂಕಿತ ಹಾಕಲೊಲ್ಲದ ಕೈ, ಮುಂದೆ ಸರ್ವಾಧಿಕಾರಿಯು ಒಡ್ಡಿದ ಪತ್ರಗಳಿಗೆ ಅಂಕಿತ ಹಾಕುತ್ತ ಹೋಯಿತು. 1938ರಲ್ಲಿ ಯೆಹೂದ್ಯರ ಹಕ್ಕುಗಳನ್ನು ಕಿತ್ತುಕೊಂಡ ಶಾಸನಗಳಿಗೂ ಹಾಕಿತು. 1943ರ ಜುಲೈಯಲ್ಲಿ ಅರಸನು ಮುಸೊಲಿನಿಯನ್ನು ಪದಚ್ಯುತಗೊಳಿಸಿದನು, ನಿಜ. ಆದರೆ ಅಷ್ಟರಲ್ಲಿ ಯುದ್ಧ ಅರ್ಧ ನಾಡನ್ನು ನುಂಗುವುದರಲ್ಲಿತ್ತು. 1946ರ ಜೂನ್ 2ರಂದು ಜನರ ಮತ ಕೇಳಿದಾಗ, ಗಣರಾಜ್ಯ ಬೇಕೆಂದವರು ಸುಮಾರು 1 ಕೋಟಿ 27 ಲಕ್ಷ. ಅರಸನಿರಲಿ ಎಂದವರು ಸುಮಾರು 1 ಕೋಟಿ 7 ಲಕ್ಷ. ರಾಜತ್ವ ಮುಗಿಯಿತು.

ಎರಡನೆಯವನು ಗ್ರೀಸಿನ ಕಾನ್‌ಸ್ಟಂಟೀನ್. 1967ರ ಏಪ್ರಿಲ್ 21ರಂದು ಕೆಲವು ಸೇನಾಧಿಕಾರಿಗಳು ರಾತ್ರೋರಾತ್ರಿ ಅಧಿಕಾರವನ್ನು ಕಸಿದುಕೊಂಡರು. 26 ವರ್ಷದ ತರುಣ ಅರಸನು ಅವರ ಸರ್ಕಾರಕ್ಕೆ ಪ್ರಮಾಣವಚನ ಬೋಧನೆಯಾಗಗೊಟ್ಟನು. ಡಿಸೆಂಬರಿನಲ್ಲಿ ಅವರನ್ನು ಕೆಳಗಿಳಿಸಲು ಯತ್ನಿಸಿ, ಸೋತು, ರೋಮಿಗೆ ಓಡಿಹೋದನು. 1974ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ ನೂರಕ್ಕೆ ಸುಮಾರು 69 ಮಂದಿ ಅವನ ಪದವಿಯೇ ಬೇಡವೆಂದರು.

ಈ ಕಾನ್‌ಸ್ಟಂಟೀನನ ಅಕ್ಕ ಸೋಫಿಯಾಳ ಪತಿಯೇ ಮೂರನೆಯವನಾದ ಸ್ಪೇನಿನ ಹ್ವಾನ್ ಕಾರ್ಲೋಸ್. ಭಾವಮೈದುನನ ಗತಿ ಅವನಿಗೆ ಮನೆಯ ಮಾತಾಗಿತ್ತು. ಸರ್ವಾಧಿಕಾರಿ ಫ್ರಾಂಕೊ ತನ್ನ ಉತ್ತರಾಧಿಕಾರಿಯೆಂದು ಆರಿಸಿದ್ದವನು ಇವನು. ಆದರೂ 1975ರಲ್ಲಿ ಪಟ್ಟವೇರಿದ ಮೇಲೆ, 1978ರ ಹೊಸ ರಾಜ್ಯಾಂಗಕ್ಕೆ ಒಪ್ಪಿ ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟನು. 1981ರ ಫೆಬ್ರವರಿ 23ರ ಸಂಜೆ, ಪಾರ್ಲಿಮೆಂಟಿನಲ್ಲಿ ಹೊಸ ಪ್ರಧಾನಮಂತ್ರಿಯ ಆಯ್ಕೆಗೆ ಮತ ನೀಡುತ್ತಿದ್ದಾಗ, ತೆಹೇರೊ ಎಂಬ ಅಧಿಕಾರಿಯು ಸುಮಾರು 200 ಮಂದಿ ಸಶಸ್ತ್ರರೊಡನೆ ಒಳಕ್ಕೆ ನುಗ್ಗಿ ಛಾವಣಿಗೆ ಗುಂಡು ಹಾರಿಸಿದನು. ವಲೆನ್ಸಿಯಾ ನಗರದ ಬೀದಿಗಳಿಗೆ ಟ್ಯಾಂಕುಗಳು ಬಂದವು. ದಂಗೆಯೆದ್ದವರು ನಡೆಸುತ್ತಿದ್ದುದೆಲ್ಲ ಅರಸನ ಹೆಸರಿನಲ್ಲಿ. ಆದುದರಿಂದ ಅರಸನ ಮೌನವೇ ಅವರಿಗೆ ಅಂಕಿತವಾಗುತ್ತಿತ್ತು. ಅವನು ಆ ರಾತ್ರಿಯೆಲ್ಲ ದಂಡನಾಯಕರೊಡನೆ ಟೆಲಿಫೋನಿನಲ್ಲಿ ಮಾತಾಡಿದನು. ನಡುರಾತ್ರಿ ಒಂದು ಗಂಟೆ ಕಳೆದ ಮೇಲೆ ಸೇನಾಪತಿಯ ಉಡುಪಿನಲ್ಲಿ ದೂರದರ್ಶನದಲ್ಲಿ ಕಾಣಿಸಿಕೊಂಡು, ಜನರು ಒಪ್ಪಿದ ರಾಜ್ಯಾಂಗವನ್ನು ಬಲದಿಂದ ಮುರಿಯುವುದನ್ನು ತಾನು ಸಹಿಸೆನೆಂದು ಸಾರಿದನು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸದಸ್ಯರು ಬಿಡುಗಡೆಯಾದರು.

ಮೂವರ ಹುಟ್ಟೂ ಅರಮನೆಯದೇ. ನಡತೆ ಮಾತ್ರ ಬೇರೆಬೇರೆ. ಇಲ್ಲಿಯೇ ವಂಶಪರಂಪರೆಯ ದೌರ್ಬಲ್ಯವಿದೆ: ಆಪತ್ತಿನ ದಿನಕ್ಕೆ ಎಂಥವನು ಒದಗುವನೆಂದು ಯಾರೂ ಬಲ್ಲವರಲ್ಲ. ಒಂದು ರಾತ್ರಿಯ ಪುಣ್ಯವೂ ಅಕ್ಷಯವಲ್ಲ. ಅದೇ ಹ್ವಾನ್ ಕಾರ್ಲೋಸ್ 2014ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟು, 2020ರಲ್ಲಿ ತನ್ನ ಹಣಕಾಸಿನ ವಿಚಾರಣೆಗಳ ನಡುವೆ ದೇಶವನ್ನೇ ಬಿಟ್ಟುಹೋದನು.

ನಮ್ಮ ಮೈಸೂರಿನವರಿಗೆ ಇದು ತೀರ ದೂರದ ಕಥೆಯಲ್ಲ. ಇಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ನೆರೆಯಿತು. ಆದರೆ ಅದಕ್ಕೆ ಬಿನ್ನವಿಸುವ ಅವಕಾಶವಿತ್ತೇ ಹೊರತು ದಿವಾನರನ್ನು ಇಳಿಸುವ ಅಧಿಕಾರವಿರಲಿಲ್ಲ. 1947ರಲ್ಲಿ ಜನರು ‘ಮೈಸೂರು ಚಲೋ’ ಎಂದು ಹೊರಟು, ಸೆರೆಮನೆಗಳನ್ನು ತುಂಬಿದ ಮೇಲೆ, ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. ಶ್ರೀ ಜಯಚಾಮರಾಜ ಒಡೆಯರು 1950ರಿಂದ 1956ರವರೆಗೆ ರಾಜಪ್ರಮುಖರಾಗಿ, ಅನಂತರ ರಾಜ್ಯಪಾಲರಾಗಿ, ಜನರಾರಿಸಿದ ಮಂತ್ರಿಗಳ ಮಾತಿನಂತೆ ನಡೆದರು. ಅಂಕಿತ ಅವರದು, ಅಧಿಕಾರ ಜನರದು.

ಮೂರು ನಾಡುಗಳ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಇಷ್ಟೇ. ಆಧುನಿಕ ಯುಗದಲ್ಲಿ ಅರಸನ ಕಿರೀಟ ಅವನ ಸ್ವತ್ತಲ್ಲ. ಜನರು ಕೊಟ್ಟ ಅಡಕು. ರಾಜ್ಯಾಂಗವನ್ನು ಕಾದವನಿಗೆ ಅದು ಉಳಿಯುತ್ತದೆ, ಕಾಯದವನಿಂದ ಜಾರುತ್ತದೆ. ಆದರೆ ಒಬ್ಬನ ಧೈರ್ಯವನ್ನೇ ನಂಬಿ ನಿದ್ರಿಸುವ ಜನಕ್ಕೆ, ಅವನು ಅರಸನಾಗಿರಲಿ ಅಧ್ಯಕ್ಷನಾಗಿರಲಿ, ಕ್ಷೇಮವಿಲ್ಲ.